ಬಾಕಿ ಕೇಸು, ಬೇಕಾದ ಕೈ

ಪೊಲೀಸರದ್ದೇ ಆದ ಅಪರಾಧ ಪತ್ತೆಯ ಪ್ರಯೋಗಾಲಯಗಳು ಹುಟ್ಟಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಅವಕ್ಕೆ ಎಷ್ಟು ಜನ ಬೇಕು, ಎಷ್ಟು ಹಣ ಬೇಕು ಎಂದು ಕೂತು ಲೆಕ್ಕ ಹಾಕಲು ಆರಂಭವಾದದ್ದು ಸುಮಾರು ತೊಂಬತ್ತು ವರ್ಷಗಳ ನಂತರ. 1910ರಲ್ಲಿ ಎಡ್ಮಂಡ್ ಲೊಕಾರ್ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದಾಗ ಆತನಿಗೆ ಸಿಕ್ಕಿದ್ದು ನ್ಯಾಯಾಲಯದ ಕಟ್ಟಡದ ಅಟ್ಟದಲ್ಲಿ ಎರಡು ಕೋಣೆ, ಇಬ್ಬರು ಸಹಾಯಕರು. ಮೂವರು ಯಾಕೆ ಬೇಡ, ಒಬ್ಬ ಯಾಕೆ ಸಾಲದು ಎಂದು ಯಾರೂ ಕೇಳಿರಲಿಲ್ಲ. ಪೊಲೀಸರು ಕೊಡಲು ಒಪ್ಪಿದ್ದು ಅಷ್ಟು, ಆತ ಪಡೆದುಕೊಂಡದ್ದು ಅಷ್ಟು.

ಅಮೆರಿಕದಲ್ಲೂ ಆರಂಭ ಹೀಗೆಯೇ. 1929ರ ಫೆಬ್ರುವರಿ 14ರಂದು ಷಿಕಾಗೊದ ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿ ಕೊಂದಾಗ, ಗುಂಡುಗಳು ಯಾವ ಬಂದೂಕಿನವು ಎಂದು ಹೇಳಲು ಕ್ಯಾಲ್ವಿನ್ ಗೊಡಾರ್ಡ್ ಎಂಬ ತಜ್ಞನನ್ನು ನ್ಯೂಯಾರ್ಕಿನಿಂದ ಕರೆಸಬೇಕಾಯಿತು. ಶವವಿಚಾರಣೆಯ ಪಂಚರಲ್ಲಿ ಶ್ರೀಮಂತ ವ್ಯಾಪಾರಿಗಳೂ ಇದ್ದರು. ಆತನ ಕೆಲಸ ನೋಡಿ ಮೆಚ್ಚಿದ ಅವರು ತಮ್ಮ ಜೇಬಿನಿಂದಲೇ ಹಣ ಹಾಕಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಆಶ್ರಯದಲ್ಲಿ ಪ್ರಯೋಗಾಲಯ ಕಟ್ಟಿಸಿದರು. ದಾನದಿಂದ ಹುಟ್ಟಿದ ಆ ಸಂಸ್ಥೆಯನ್ನು 1938ರಲ್ಲಿ ಷಿಕಾಗೊ ಪೊಲೀಸ್ ಇಲಾಖೆ ಕೊಂಡುಕೊಂಡಿತು. 1932ರ ನವೆಂಬರ್ 24ರಂದು ಬಾಗಿಲು ತೆರೆದ ಎಫ್‌ಬಿಐ ಪ್ರಯೋಗಾಲಯದಲ್ಲಿ ಮೊದಲಿಗೆ ಇದ್ದ ಪರೀಕ್ಷಕ ಒಬ್ಬನೇ, ಚಾರ್ಲ್ಸ್ ಅಪೆಲ್. ಮೊದಲ ವರ್ಷ ಅಲ್ಲಿ ನಡೆದ ಪರೀಕ್ಷೆಗಳು 963. ಇಂದು ಯಾವುದೇ ದೊಡ್ಡ ನಗರದ ಪ್ರಯೋಗಾಲಯಕ್ಕೆ ಇದು ಕೆಲವೇ ವಾರಗಳ ಕೆಲಸ.

ಮುಂದಿನ ಮೂವತ್ತು ವರ್ಷ ಅಮೆರಿಕದ ಬಹುಪಾಲು ಪ್ರಯೋಗಾಲಯಗಳು ಪೊಲೀಸ್ ಕಚೇರಿಯ ಮೂಲೆಯಲ್ಲಿ ಉಳಿದುಕೊಂಡವು. ವರ್ಷದ ಕೊನೆಗೆ ಮುಖ್ಯಸ್ಥ ಒಂದು ಸೂಕ್ಷ್ಮದರ್ಶಕ ಕೇಳುತ್ತಿದ್ದ, ಪೊಲೀಸ್ ಮುಖ್ಯಸ್ಥ ಒಂದು ಗಸ್ತು ಕಾರು ಕೇಳುತ್ತಿದ್ದ. ಗೆಲ್ಲುತ್ತಿದ್ದದ್ದು ಸಾಮಾನ್ಯವಾಗಿ ಕಾರು. ಈ ಸ್ಥಿತಿ ಬದಲಾದದ್ದು 1960ರ ದಶಕದಲ್ಲಿ, ಅದೂ ಪ್ರಯೋಗಾಲಯಕ್ಕೆ ನೇರ ಸಂಬಂಧವಿಲ್ಲದ ಕಾರಣಗಳಿಂದ. ಬಂಧಿತನಿಗೆ ಮೌನವಾಗಿರುವ ಹಕ್ಕಿದೆ ಎಂದು ಮೊದಲೇ ತಿಳಿಸಬೇಕೆಂದು 1966ರಲ್ಲಿ ಮಿರಾಂಡಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ತಪ್ಪೊಪ್ಪಿಗೆಯನ್ನೇ ನಂಬಿ ಕೂರುವುದು ಪೊಲೀಸರಿಗೆ ಕಷ್ಟವಾಯಿತು. ಅದೇ ಹೊತ್ತಿಗೆ ಮಾದಕವಸ್ತು ಪ್ರಕರಣಗಳು ಏರತೊಡಗಿದವು. ಹಿಡಿದ ಪುಡಿ ಹೆರಾಯಿನ್ ಹೌದೇ ಎಂದು ರಸಾಯನಶಾಸ್ತ್ರ ಬಲ್ಲವನೊಬ್ಬ ಬರೆದುಕೊಡದೆ ಮೊಕದ್ದಮೆ ನಿಲ್ಲುವುದಿಲ್ಲ. ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ ಆಯೋಗ 1967ರಲ್ಲಿ ವರದಿ ಕೊಟ್ಟಿತು. 1968ರ ಕಾನೂನಿನಡಿ ಕೇಂದ್ರದ ಅನುದಾನ ರಾಜ್ಯಗಳ ಪೊಲೀಸ್ ವ್ಯವಸ್ಥೆಗೆ ಹರಿಯತೊಡಗಿತು. ಸುಮಾರು ನೂರರಷ್ಟಿದ್ದ ಪ್ರಯೋಗಾಲಯಗಳು ಹತ್ತು ವರ್ಷ ತುಂಬುವಷ್ಟರಲ್ಲಿ ಮುನ್ನೂರರ ಆಸುಪಾಸಿಗೆ ಬಂದವು.

ಹಣ ಬಂತು, ಕಟ್ಟಡ ಎದ್ದಿತು, ಕೆಲಸದ ಗುಣಮಟ್ಟ ಮಾತ್ರ ಅದೇ ವೇಗದಲ್ಲಿ ಏರಲಿಲ್ಲ. 1970ರ ದಶಕದ ನಡುವಿನಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಉತ್ತರ ಮೊದಲೇ ಗೊತ್ತಿದ್ದ ಮಾದರಿಗಳನ್ನು ಕಳಿಸಿ ಪರೀಕ್ಷೆ ಮಾಡಲಾಯಿತು. ರಕ್ತ, ಬಣ್ಣದ ಚೂರು, ಕೂದಲು ಇಂಥವುಗಳಲ್ಲಿ ತಪ್ಪು ಉತ್ತರ ಬರೆದವರ ಸಂಖ್ಯೆ ನೋಡಿ ವೃತ್ತಿಯವರೇ ಬೆಚ್ಚಿದರು. ಮಾನ್ಯತೆ ನೀಡುವ ಪದ್ಧತಿ 1980ರ ದಶಕದ ಆರಂಭದಲ್ಲಿ ಜಾರಿಗೆ ಬರಲು ಇದೇ ಮುಖ್ಯ ಪ್ರೇರಣೆ. ಒಬ್ಬನ ವರದಿಯನ್ನು ಇನ್ನೊಬ್ಬ ಓದಿ ಸಹಿ ಹಾಕಬೇಕು, ಪ್ರತಿ ಯಂತ್ರಕ್ಕೂ ಪರಿಶೀಲನಾ ಪುಸ್ತಕ ಇರಬೇಕು, ಪ್ರತಿ ತಜ್ಞನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೂರಬೇಕು ಎಂಬ ನಿಯಮಗಳು ಬಂದವು. ನಿಯಮಗಳೆಲ್ಲ ಒಳ್ಳೆಯವೇ. ಆದರೆ ಅಷ್ಟೂ ಗಂಟೆಗಳು ಮೇಜಿನ ಮೇಲಿದ್ದ ಮುದ್ದೆಮಾಲಿನಿಂದ ಕಿತ್ತುಕೊಂಡ ಗಂಟೆಗಳು. ಆ ಗಂಟೆಗಳಿಗೆ ಬದಲಿ ಜನ ಕೊಡಬೇಕೆಂದು ಆಗ ಯಾರ ಆಯವ್ಯಯದಲ್ಲೂ ಬರೆದಿರಲಿಲ್ಲ.

ಲೆಕ್ಕ ಹಾಕಲೇಬೇಕಾದ ಒತ್ತಡ ತಂದದ್ದು ಡಿಎನ್‌ಎ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ ಕಂಡುಕೊಂಡ ವಿಧಾನ ನಾಲ್ಕೇ ವರ್ಷದಲ್ಲಿ ಎಫ್‌ಬಿಐ ಪ್ರಯೋಗಾಲಯಕ್ಕೆ ಬಂತು. 1994ರ ಕಾನೂನು ಶಿಕ್ಷೆಗೊಳಗಾದವರ ಡಿಎನ್‌ಎ ವಿವರಗಳನ್ನು ರಾಷ್ಟ್ರಮಟ್ಟದಲ್ಲಿ ಸಂಗ್ರಹಿಸಲು ಅವಕಾಶ ಕೊಟ್ಟಿತು, 1998ರಲ್ಲಿ ಆ ಭಂಡಾರ ಕೆಲಸ ಆರಂಭಿಸಿತು. ಅಲ್ಲಿಂದ ಮುಂದೆ ಪ್ರಯೋಗಾಲಯದ ಬಾಗಿಲಿಗೆ ಎರಡು ಸಾಲು ನಿಂತವು. ಅಪರಾಧ ನಡೆದ ಜಾಗದ ರಕ್ತ, ವೀರ್ಯದ ಕಲೆಗಳದ್ದು ಒಂದು ಸಾಲು. ಜೈಲಿನಲ್ಲಿದ್ದವರ ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿಗಳದ್ದು ಇನ್ನೊಂದು, ಲಕ್ಷಗಟ್ಟಲೆ. ಸಂಶಯಿತನೇ ಇಲ್ಲದ ಹಳೆಯ ಪ್ರಕರಣಗಳನ್ನೂ ಈಗ ಪರೀಕ್ಷಿಸಬಹುದಿತ್ತು. ಹೀಗಾಗಿ ಮೊದಲು ಕಪಾಟಿನಲ್ಲಿ ಸುಮ್ಮನೆ ಇದ್ದ ವಸ್ತುಗಳೆಲ್ಲ ಒಂದೇ ಬಾರಿಗೆ ಬಾಕಿ ಕೆಲಸವಾಗಿ ಮಾರ್ಪಟ್ಟವು. 2000ದಲ್ಲಿ ಬಾಕಿ ನಿವಾರಣೆಗೆಂದೇ ಒಂದು ಕಾನೂನು, ಪ್ರಯೋಗಾಲಯಗಳ ಸುಧಾರಣೆಗೆಂದು ಸೆನೆಟರ್ ಪಾಲ್ ಕವರ್‌ಡೆಲ್ ಹೆಸರಿನ ಇನ್ನೊಂದು ಕಾನೂನು ಬಂದವು. 2003ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಐದು ವರ್ಷಕ್ಕೆ 100 ಕೋಟಿ ಡಾಲರಿಗೂ ಮೀರಿದ ಡಿಎನ್‌ಎ ಯೋಜನೆ ಘೋಷಿಸಿದರು. ಇಷ್ಟು ಹಣ ಹಂಚುವಾಗ ಯಾರಿಗೆ ಎಷ್ಟು ಎಂಬ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಯಿತು.

ಉತ್ತರ ಹುಡುಕಿದ್ದು ಅಮೆರಿಕದ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗ. 2002ರ ಸ್ಥಿತಿಯ ಬಗ್ಗೆ ಅದು ಸರ್ಕಾರಿ ಹಣದಿಂದ ನಡೆಯುವ ಪ್ರಯೋಗಾಲಯಗಳ ಮೊದಲ ಗಣತಿ ಮಾಡಿತು. ಪ್ರಯೋಗಾಲಯಗಳು 351 ಎಂಬುದೇ ಆವರೆಗೆ ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಸಂಗತಿ. ಗಣತಿ ಇಟ್ಟುಕೊಂಡ ಅಳತೆಗೋಲು ಸರಳವಾಗಿತ್ತು. ಬಂದ ಕೋರಿಕೆಗೆ 30 ದಿನದೊಳಗೆ ವರದಿ ಹೋಗಬೇಕು, ಹೋಗದಿದ್ದರೆ ಅದು ಬಾಕಿ. ಒಬ್ಬ ಪರೀಕ್ಷಕ ವರ್ಷಕ್ಕೆ ಎಷ್ಟು ಕೋರಿಕೆ ಮುಗಿಸುತ್ತಾನೆ ಎಂಬುದನ್ನು ಹಿಡಿದು, ವರ್ಷವಿಡೀ ಬಂದದ್ದೆಲ್ಲ 30 ದಿನದಲ್ಲಿ ಮುಗಿಯಲು ಇನ್ನೆಷ್ಟು ಪರೀಕ್ಷಕರು ಬೇಕು ಎಂದು ಅಂದಾಜಿಸಲಾಯಿತು. ಉತ್ತರ ಸುಮಾರು 1,900 ಜನ. ಅವರ ಆರಂಭಿಕ ಸಂಬಳಕ್ಕೆ ತಗಲುವ ಹಣ 7 ಕೋಟಿ ಡಾಲರಿಗಿಂತ ಸ್ವಲ್ಪ ಹೆಚ್ಚು. ನೂರು ಕೋಟಿಯ ಮಾತು ನಡೆಯುತ್ತಿದ್ದ ಊರಿನಲ್ಲಿ ಇದು ಅಗ್ಗವೆಂದೇ ಕಾಣುವ ಮೊತ್ತ. ಅವರನ್ನು ಎಲ್ಲಿ ಕೂರಿಸುವುದು, ಯಾರು ತರಬೇತಿ ಕೊಡುವುದು, ಯಂತ್ರ ಎಷ್ಟು ಬೇಕು ಎಂಬುದು ಆ ಮೊತ್ತದ ಒಳಗೆ ಇರಲಿಲ್ಲ.

2005ರ ಎರಡನೇ ಗಣತಿ ಇನ್ನಷ್ಟು ಒಳಗೆ ಇಳಿಯಿತು. ಪ್ರಯೋಗಾಲಯಗಳು ಆಗ 389. ಡಿಎನ್‌ಎ ಪರೀಕ್ಷೆ ಮಾಡುವ ಒಂದು ಸಾಧಾರಣ ಪ್ರಯೋಗಾಲಯದ ವರ್ಷ ಹೀಗಿತ್ತು: ಜನವರಿಯಲ್ಲಿ 86 ಕೋರಿಕೆ ಬಾಕಿ, ವರ್ಷದಲ್ಲಿ ಹೊಸದಾಗಿ ಬಂದದ್ದು 337, ಮುಗಿದದ್ದು 265, ಡಿಸೆಂಬರ್ ಕೊನೆಗೆ ಬಾಕಿ 152. ಕೂಡಿ ಕಳೆದು ನೋಡಿದವರಿಗೆ ಆರು ಕೋರಿಕೆ ಎಲ್ಲೋ ಜಾರಿಹೋದಂತೆ ಕಾಣುತ್ತದೆ. ಇವು ಒಂದೇ ಪ್ರಯೋಗಾಲಯದ ಖಾತೆಯಲ್ಲ, ಪ್ರತಿ ಅಂಕಿಯೂ ಎಲ್ಲ ಪ್ರಯೋಗಾಲಯಗಳ ಸಾಲಿನ ಮಧ್ಯದ ಅಂಕಿ, ಹಾಗಾಗಿ ತಾಳೆಯಾಗಬೇಕಿಲ್ಲ. ದಿಕ್ಕು ಮಾತ್ರ ಸ್ಪಷ್ಟ. ಒಂದೇ ವರ್ಷದಲ್ಲಿ ಬಾಕಿ ಮುಕ್ಕಾಲು ಪಾಲು ಹೆಚ್ಚಿತ್ತು. ಎಲ್ಲವನ್ನೂ 30 ದಿನದಲ್ಲಿ ಮುಗಿಸಲು ಡಿಎನ್‌ಎ ವಿಭಾಗಕ್ಕೆ ಶೇ 73ರಷ್ಟು ಹೆಚ್ಚು ಜನ ಬೇಕಿತ್ತು, ವಿಷವಿಜ್ಞಾನ ವಿಭಾಗಕ್ಕೆ ಶೇ 6ರಷ್ಟು ಸಾಕಿತ್ತು. ಪ್ರಯೋಗಾಲಯಕ್ಕೆ ಎಷ್ಟು ಜನ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲಾರದು, ವಿಭಾಗಕ್ಕೊಂದು ಉತ್ತರ ಬೇಕು ಎಂಬುದು ಇದರಿಂದ ಮೊದಲ ಸಲ ಅಂಕಿಯಲ್ಲಿ ಕಂಡಿತು.

ವಿಭಾಗದೊಳಗೂ ಒಂದು ಕೇಸು ಇನ್ನೊಂದರಂತೆ ಇರುವುದಿಲ್ಲ. ಒಂದು ಕೊಕೇನ್ ಪೊಟ್ಟಣ ಬಂತೆನ್ನಿ. ಸ್ವೀಕೃತಿ ಮೇಜಿನಲ್ಲಿ ಸೀಲು ಕದಡಿಲ್ಲವೆಂದು ನೋಡಿ, ಸಂಖ್ಯೆ ಹಾಕಿ, ಬೀಗದ ಕೋಣೆಯಲ್ಲಿಡುತ್ತಾರೆ. ತಜ್ಞ ಸಹಿ ಹಾಕಿ ಪಡೆದು, ಸೀಲು ಒಡೆದು, ತೂಗಿ, ಚಿಟಿಕೆ ಪುಡಿಯ ಮೇಲೆ ಕೋಬಾಲ್ಟ್ ಥಯೋಸಯನೇಟ್ ದ್ರಾವಣದ ಹನಿ ಬಿಡುತ್ತಾನೆ. ನೀಲಿ ಬಂದರೆ ಕೊಕೇನ್ ಇರಬಹುದು ಎಂದಷ್ಟೇ ಹೇಳಬಹುದು. ಖಚಿತಪಡಿಸಲು ಗ್ಯಾಸ್ ಕ್ರೊಮೆಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಎರಡನ್ನೂ ಜೋಡಿಸಿದ ಯಂತ್ರಕ್ಕೆ ಹೋಗಬೇಕು. ಹಿಂದಿನ ಮಾದರಿಯ ಅಂಶ ಯಂತ್ರದಲ್ಲಿ ಉಳಿದಿಲ್ಲವೆಂದು ತೋರಿಸಲು ಮೊದಲು ಬರೀ ದ್ರಾವಕವನ್ನು ಓಡಿಸಬೇಕು, ನಂತರ ಶುದ್ಧ ಕೊಕೇನಿನ ಮಾದರಿ, ನಂತರ ಪೊಟ್ಟಣದ ಪುಡಿ. ಬಂದ ರೇಖೆಗಳನ್ನು ಹೋಲಿಸಿ, ಟಿಪ್ಪಣಿ ಬರೆದು, ಮತ್ತೆ ಸೀಲು ಮಾಡಿ, ವರದಿಯನ್ನು ಎರಡನೇ ತಜ್ಞನ ಕೈಗೆ ಕೊಡಬೇಕು. ಇದು ಒಂದು ಕೇಸು. ಒಂದು ಕೊಲೆ ಪ್ರಕರಣದಲ್ಲಿ ಚಾಕು, ಅಂಗಿ, ಹಾಸಿಗೆಯ ಹೊದಿಕೆ, ನೆಲ ಒರೆಸಿದ ಬಟ್ಟೆ, ಕಾರಿನ ಸೀಟು ಎಂದು ಐವತ್ತು ವಸ್ತು ಬರಬಹುದು, ಒಂದೊಂದರಲ್ಲೂ ಹಲವು ಕಲೆ. ಅದೂ ಗಣತಿಯ ಕಣ್ಣಿಗೆ ಒಂದೇ ಕೇಸು. ಪ್ರಕರಣ, ವಸ್ತು, ಮಾದರಿ, ಪರೀಕ್ಷೆ ಇವುಗಳಲ್ಲಿ ಯಾವುದನ್ನು ಎಣಿಸಬೇಕು ಎಂಬ ಬಗ್ಗೆ ಪ್ರಯೋಗಾಲಯಗಳಲ್ಲಿ ಒಮ್ಮತವಿರಲಿಲ್ಲ. ಒಂದು ರಾಜ್ಯದವರು ಕೇಸು ಎಣಿಸಿದರೆ ಪಕ್ಕದವರು ವಸ್ತು ಎಣಿಸುತ್ತಿದ್ದರು, ಹೋಲಿಸಲು ಹೊರಟವರು ತಲೆ ಚಚ್ಚಿಕೊಳ್ಳುತ್ತಿದ್ದರು.

ಬಾಕಿ ಎಂಬ ಪದದ ಅರ್ಥವೂ ಜಾರುವಂಥದ್ದು. ಗಣತಿಯ ಪ್ರಕಾರ ಬಾಕಿಯೆಂದರೆ ಪ್ರಯೋಗಾಲಯಕ್ಕೆ ಬಂದು 30 ದಿನದಲ್ಲಿ ಮುಗಿಯದೆ ಉಳಿದದ್ದು. 2009ರಲ್ಲಿ ಡೆಟ್ರಾಯಿಟ್ ಪೊಲೀಸರ ಒಂದು ದಾಸ್ತಾನು ಮಳಿಗೆಯಲ್ಲಿ ಅತ್ಯಾಚಾರ ಸಂತ್ರಸ್ತೆಯರಿಂದ ಸಂಗ್ರಹಿಸಿದ 11,000ಕ್ಕೂ ಹೆಚ್ಚು ಸಾಕ್ಷ್ಯದ ಪೆಟ್ಟಿಗೆಗಳು ಸಿಕ್ಕವು. ಹಿಂದಿನ ವರ್ಷವಷ್ಟೇ ಲಾಸ್ ಏಂಜಲೀಸಿನಲ್ಲೂ ಇಂಥವೇ ಸಾವಿರಾರು ಪೆಟ್ಟಿಗೆಗಳ ವಿಷಯ ಹೊರಬಿದ್ದಿತ್ತು. ಇವು ಪ್ರಯೋಗಾಲಯದ ಮೆಟ್ಟಿಲು ಹತ್ತಿರಲೇ ಇಲ್ಲ, ಆದ್ದರಿಂದ ಯಾವ ಪ್ರಯೋಗಾಲಯದ ಬಾಕಿಯಲ್ಲೂ ಇರಲಿಲ್ಲ. ಪ್ರತಿ ಪೆಟ್ಟಿಗೆಯ ಹಿಂದೆ ಒಬ್ಬ ಹೆಣ್ಣುಮಗಳು ಆಸ್ಪತ್ರೆಯ ಮಂಚದ ಮೇಲೆ ಗಂಟೆಗಟ್ಟಲೆ ಪರೀಕ್ಷೆಗೆ ಒಳಗಾಗಿದ್ದಳು. ಅವುಗಳನ್ನೆಲ್ಲ ಪರೀಕ್ಷಿಸಬೇಕೆಂಬ ಒತ್ತಡ ಬಂದಾಗ ಬಾಕಿ ಒಮ್ಮೆಲೇ ಉಬ್ಬಿತು, ಯಾವ ಪರೀಕ್ಷಕನೂ ನಿಧಾನವಾಗದಿದ್ದರೂ. ಇದರ ಇನ್ನೊಂದು ಮುಖವೂ ಇದೆ. ವರದಿ ಬೇಗ ಬರುತ್ತದೆಂದು ಗೊತ್ತಾದರೆ ತನಿಖಾಧಿಕಾರಿ ಮೊದಲು ಕಳಿಸದ ಕಳ್ಳತನದ ಕೇಸುಗಳನ್ನೂ ಕಳಿಸತೊಡಗುತ್ತಾನೆ. ಅನುದಾನ ಸುರಿದು ಸಾಮರ್ಥ್ಯ ಹೆಚ್ಚಿಸಿದ ಪ್ರಯೋಗಾಲಯಗಳಲ್ಲೇ ಡಿಎನ್‌ಎ ಬಾಕಿ ಕರಗದೆ ಉಳಿದದ್ದಕ್ಕೆ ಇದು ದೊಡ್ಡ ಕಾರಣ.

ಕೇಸು ಎಣಿಸುವ ಪದ್ಧತಿ ಎಷ್ಟು ಮೋಸಹೋಗಬಲ್ಲದು ಎಂಬುದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಯಲಾಯಿತು. ಬಾಸ್ಟನ್ನಿನ ಜಮೈಕಾ ಪ್ಲೇನ್‌ನಲ್ಲಿದ್ದ ರಾಜ್ಯ ಪ್ರಯೋಗಾಲಯದ ಮಾದಕವಸ್ತು ವಿಭಾಗದಲ್ಲಿ ಒಬ್ಬ ರಸಾಯನ ತಜ್ಞೆ ವರ್ಷಗಟ್ಟಲೆ ಸಹೋದ್ಯೋಗಿಗಳ ಹಲವು ಪಟ್ಟು ಮಾದರಿಗಳನ್ನು ಮುಗಿಸುತ್ತಿದ್ದಳು. ಅಂಕಿ ನೋಡುವವರ ಕಣ್ಣಿಗೆ ಆಕೆ ಮಾದರಿ ನೌಕರಳು. ಅನೇಕ ಮಾದರಿಗಳನ್ನು ಆಕೆ ಪರೀಕ್ಷಿಸುತ್ತಲೇ ಇರಲಿಲ್ಲ, ಕಣ್ಣಂದಾಜಿನಲ್ಲಿ ಫಲಿತಾಂಶ ಬರೆಯುತ್ತಿದ್ದಳು. 2012ರಲ್ಲಿ ಆ ವಿಭಾಗವನ್ನೇ ಮುಚ್ಚಲಾಯಿತು, 2013ರಲ್ಲಿ ಆಕೆ ತಪ್ಪೊಪ್ಪಿಕೊಂಡು ಜೈಲಿಗೆ ಹೋದಳು, 2017ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ 21,000ಕ್ಕೂ ಹೆಚ್ಚು ಪ್ರಕರಣಗಳನ್ನು ರದ್ದುಮಾಡಿತು. ಅತಿ ಹೆಚ್ಚು ಕೆಲಸ ಮಾಡುವವರನ್ನು ಅಳತೆಗೋಲಾಗಿ ಹಿಡಿದು ಸಿಬ್ಬಂದಿ ಲೆಕ್ಕ ಹಾಕಿದ್ದರೆ ಆ ಪ್ರಯೋಗಾಲಯಕ್ಕೆ ಇದ್ದ ಜನರೇ ಹೆಚ್ಚಾಯಿತೆಂದು ಕಾಗದದ ಮೇಲೆ ಬರುತ್ತಿತ್ತು.

ಅದೇ ರಾಜ್ಯದಿಂದ ಹೋದ ಇನ್ನೊಂದು ಪ್ರಕರಣ ಲೆಕ್ಕಕ್ಕೆ ಹೊಸ ಅಂಕಣವನ್ನೇ ಸೇರಿಸಿತ್ತು. 2009ರ ಜೂನಿನಲ್ಲಿ ಮೆಲೆಂಡೆಜ್-ಡಯಾಜ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪ್ರಯೋಗಾಲಯದ ವರದಿಯನ್ನು ಬರೀ ಕಾಗದವಾಗಿ ಒಪ್ಪಿಸಿದರೆ ಸಾಲದು, ಆರೋಪಿ ಬಯಸಿದರೆ ಬರೆದವರೇ ಬಂದು ಪಾಟೀಸವಾಲಿಗೆ ನಿಲ್ಲಬೇಕು ಎಂದಿತು. ನ್ಯಾಯದ ದೃಷ್ಟಿಯಿಂದ ತೂಕದ ತೀರ್ಪು. ಪ್ರಯೋಗಾಲಯದ ಮಟ್ಟಿಗೆ ಅದರ ಅರ್ಥ, ತಜ್ಞ ಬೆಳಿಗ್ಗೆ ಮೂರು ಗಂಟೆ ಕಾರು ಓಡಿಸಿ, ನ್ಯಾಯಾಲಯದ ಹೊರಗೆ ಬೆಂಚಿನ ಮೇಲೆ ಕಾದು, ಸಂಜೆಗೆ ಇಂದು ಸಾಕ್ಷ್ಯ ಬೇಡ ಎನ್ನಿಸಿಕೊಂಡು ವಾಪಸಾಗುವುದು. ಭಾರತದ ಕಾನೂನು ಇಲ್ಲಿ ಬೇರೆ ದಾರಿ ಹಿಡಿದಿದೆ. ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಯನ್ನು ತಜ್ಞರನ್ನು ಕರೆಸದೆಯೂ ಸಾಕ್ಷ್ಯವಾಗಿ ಬಳಸಬಹುದು ಎಂಬ ಅವಕಾಶ 1898ರ ದಂಡ ಪ್ರಕ್ರಿಯಾ ಸಂಹಿತೆಯ 510ನೇ ಕಲಮಿನಿಂದ 1973ರ ಸಂಹಿತೆಯ 293ಕ್ಕೆ, ಅಲ್ಲಿಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 329ಕ್ಕೆ ಬಂದಿದೆ. ಅಗತ್ಯವೆನಿಸಿದರೆ ನ್ಯಾಯಾಲಯ ಕರೆಸಬಹುದು. ಜನ ಕಡಿಮೆ ಇರುವ ಪ್ರಯೋಗಾಲಯಗಳಿಗೆ ಈ ಒಂದು ಕಲಮು ಎಷ್ಟು ಗಂಟೆ ಉಳಿಸಿದೆ ಎಂದು ಯಾರೂ ಎಣಿಸಿದಂತಿಲ್ಲ.

ಕೇಸಿನ ಸಂಖ್ಯೆಗಿಂತ ಕೆಲಸದ ಹಿಂದಿನ ಖರ್ಚನ್ನೇ ಅಳೆಯುವ ಪ್ರಯತ್ನ ಮೊದಲು ನಡೆದದ್ದು ಯುರೋಪಿನಲ್ಲಿ. ನಾಲ್ಕು ದೇಶಗಳ ಪ್ರಯೋಗಾಲಯಗಳು ಸೇರಿ 2003ರಲ್ಲಿ ಕ್ವಾಡ್ರುಪೋಲ್ ಎಂಬ ಯೋಜನೆಯಡಿ ತಮ್ಮ ಖರ್ಚುವೆಚ್ಚವನ್ನು ಒಂದೇ ಪರಿಭಾಷೆಯಲ್ಲಿ ಬರೆದುಕೊಂಡವು. ಅದನ್ನೇ ಹಿಗ್ಗಿಸಿ 2007ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ಫೋರ್‌ಸೈಟ್ ಯೋಜನೆ ಆರಂಭಿಸಿತು. ನೇತೃತ್ವ ವಹಿಸಿದ್ದವರಲ್ಲಿ ಮ್ಯಾಕ್ಸ್ ಹೌಕ್ ಪ್ರಯೋಗಾಲಯದ ಮನುಷ್ಯ, ಪಾಲ್ ಸ್ಪೀಕರ್ ಅರ್ಥಶಾಸ್ತ್ರಜ್ಞ. ಮೊದಲ ಕೆಲಸ ಪದಗಳನ್ನು ಗಟ್ಟಿಮಾಡುವುದು. ಕೇಸು ಎಂದರೇನು, ವಸ್ತು ಎಂದರೇನು, ಪರೀಕ್ಷೆ ಎಂದರೇನು ಎಂದು ಒಪ್ಪಿಕೊಂಡ ಮೇಲೆ ಪ್ರತಿ ಪ್ರಯೋಗಾಲಯವೂ ಒಂದೇ ನಮೂನೆಯ ಹಾಳೆಯಲ್ಲಿ ಸಂಬಳ, ಯಂತ್ರ, ರಾಸಾಯನಿಕ, ಕೇಸು, ಪರೀಕ್ಷಕರ ವಿವರ ತುಂಬಿ ಕಳಿಸತೊಡಗಿತು. ಬೆರಳಚ್ಚಿನ ಒಂದು ಕೇಸಿಗೆ ಎಷ್ಟು ಡಾಲರ್, ಬಂದೂಕಿನ ಒಂದು ಕೇಸಿಗೆ ಎಷ್ಟು, ಒಬ್ಬ ಪರೀಕ್ಷಕ ವರ್ಷಕ್ಕೆ ಎಷ್ಟು ಎಂಬುದು ವಿಭಾಗವಾರು ಸಿಗತೊಡಗಿತು. ತೀರಾ ಚಿಕ್ಕ ಪ್ರಯೋಗಾಲಯದಲ್ಲಿ ಕೇಸಿಗೆ ತಗಲುವ ಖರ್ಚು ಹೆಚ್ಚು, ಕೇಸು ಹೆಚ್ಚಿದಂತೆ ಅದು ಇಳಿಯುತ್ತದೆ, ಒಂದು ಗಾತ್ರ ದಾಟಿದರೆ ಮತ್ತೆ ಏರುತ್ತದೆ ಎಂಬುದು ಈ ಹಾಳೆಗಳಿಂದ ತಿಳಿದ ಮುಖ್ಯ ವಿಷಯಗಳಲ್ಲಿ ಒಂದು. ದುಬಾರಿ ಯಂತ್ರ ಕೊಂಡು ದಿನಕ್ಕೆ ಎರಡು ಗಂಟೆ ಓಡಿಸಿದರೆ ಖರ್ಚು ಏರದೆ ಇನ್ನೇನಾದೀತು?

ಜನ ಸೇರಿಸದೆಯೂ ಬಾಕಿ ಇಳಿಸಬಹುದು ಎಂಬುದಕ್ಕೆ ಲೂಸಿಯಾನ ರಾಜ್ಯ ಪೊಲೀಸ್ ಪ್ರಯೋಗಾಲಯವನ್ನು ಉದಾಹರಿಸುತ್ತಾರೆ. ಅಲ್ಲಿ ಡಿಎನ್‌ಎ ಕೆಲಸದ ಹಾದಿಯನ್ನೇ ಅಳೆದು, ಮಾದರಿ ಎಲ್ಲೆಲ್ಲಿ ಸುಮ್ಮನೆ ಕಾಯುತ್ತದೆ ಎಂದು ಗುರುತಿಸಿ, ಮೇಜುಗಳನ್ನು ಸಾಲಾಗಿ ಜೋಡಿಸಿ, ಸರಾಸರಿ 291 ದಿನ ಹಿಡಿಯುತ್ತಿದ್ದ ಕೆಲಸವನ್ನು 31 ದಿನಕ್ಕೆ ಇಳಿಸಿದರು. ಎಲ್ಲ ಕಡೆಯೂ ಇದು ನಡೆಯಲಾರದು. ಮಾದರಿ ಕಾಯುವುದು ಮೇಜಿನ ಜೋಡಣೆ ತಪ್ಪಿದ್ದರಿಂದಲೋ ಮೇಜಿನ ಹಿಂದೆ ಮನುಷ್ಯನೇ ಇಲ್ಲದ್ದರಿಂದಲೋ ಎಂದು ಮೊದಲು ನೋಡಬೇಕಾಗುತ್ತದೆ.

ಬ್ರಿಟನ್ ಈ ಲೆಕ್ಕದ ಗೋಜಿಗೆ ಹೋಗದೆ ಬೆಲೆಚೀಟಿ ಅಂಟಿಸಿತು. ಅಲ್ಲಿನ ಫೊರೆನ್ಸಿಕ್ ಸೈನ್ಸ್ ಸರ್ವಿಸ್ 1991ರಿಂದ ಪ್ರತಿ ಪರೀಕ್ಷೆಗೂ ಪೊಲೀಸರಿಂದ ಹಣ ಪಡೆಯತೊಡಗಿತು. ಬೇಕಾದವರು ಕೊಳ್ಳಲಿ, ಎಷ್ಟು ಕೊಳ್ಳುತ್ತಾರೋ ಅಷ್ಟೇ ಅಗತ್ಯ ಎಂಬ ತರ್ಕ. ಖಾಸಗಿ ಪ್ರಯೋಗಾಲಯಗಳು ಪೈಪೋಟಿಗೆ ಬಂದವು, ಪೊಲೀಸರು ಕೆಲಸ ಅವರಿಗೆ ಹಂಚಿದರು, ಕೆಲವು ಪರೀಕ್ಷೆಗಳನ್ನು ತಾವೇ ಮಾಡಿಕೊಂಡರು. ತಿಂಗಳಿಗೆ ಸುಮಾರು 20 ಲಕ್ಷ ಪೌಂಡ್ ನಷ್ಟವೆಂದು ಹೇಳಿ 2010ರಲ್ಲಿ ಸರ್ಕಾರ ಆ ಸಂಸ್ಥೆಯನ್ನು ಮುಚ್ಚುವ ನಿರ್ಧಾರ ಪ್ರಕಟಿಸಿತು, 2012ರ ಮಾರ್ಚಿಗೆ ಅದು ಮುಚ್ಚಿತು. ಡಿಎನ್‌ಎ ಪರೀಕ್ಷೆಯನ್ನು ಮೊದಲು ಕಂಡುಕೊಂಡ ದೇಶದಲ್ಲಿ ಸರ್ಕಾರದ ಆ ಪ್ರಯೋಗಾಲಯ ಸಂಸ್ಥೆಯೇ ಇಲ್ಲದಾದದ್ದು ಹೀಗೆ.

ಅಮೆರಿಕದ ಲೆಕ್ಕ ತನ್ನ ಪೂರ್ಣ ರೂಪಕ್ಕೆ ಬಂದದ್ದು 2019ರಲ್ಲಿ. 2016ರ ಒಂದು ಕಾನೂನು ಪ್ರಯೋಗಾಲಯಗಳ ಅಗತ್ಯಗಳ ಬಗ್ಗೆ ಸಂಸತ್ತಿಗೆ ವರದಿ ಕೊಡಬೇಕೆಂದು ನ್ಯಾಯ ಇಲಾಖೆಗೆ ವಿಧಿಸಿತ್ತು. ಆ ವರದಿಯಲ್ಲಿ, ಫೋರ್‌ಸೈಟ್ ಅಂಕಿಗಳನ್ನು ಆಧರಿಸಿ, ಬರುವ ಕೆಲಸಕ್ಕೂ ಮುಗಿಯುವ ಕೆಲಸಕ್ಕೂ ಸಮತೋಲ ಬರಬೇಕಾದರೆ ವರ್ಷಕ್ಕೆ ಇನ್ನೂ 64 ಕೋಟಿ ಡಾಲರ್ ಬೇಕು, ನೋವುನಿವಾರಕ ಮಾದಕಗಳ ಹಾವಳಿಯನ್ನು ನಿಭಾಯಿಸಲು ಅದರ ಮೇಲೆ 27 ಕೋಟಿ ಬೇಕು ಎಂದು ಅಂದಾಜಿಸಲಾಗಿತ್ತು. ಎರಡನೇ ಅಂಕಿ ಹಿಂದಿನ ಯಾವ ಗಣತಿಯಲ್ಲೂ ಊಹಿಸಲಾಗದ್ದು. ಫೆಂಟನಿಲ್ ಎಂಬ ಮಾದಕದ ಅಣುವಿನಲ್ಲಿ ಅಲ್ಪಸ್ವಲ್ಪ ತಿದ್ದಿ ಮಾರುವವರು ತಿಂಗಳಿಗೊಂದು ಹೊಸ ರೂಪ ತರುತ್ತಾರೆ. ಪ್ರತಿ ಹೊಸ ರೂಪಕ್ಕೂ ಪ್ರಯೋಗಾಲಯ ಶುದ್ಧ ಮಾದರಿ ಕೊಳ್ಳಬೇಕು, ವಿಧಾನ ಸಿದ್ಧಪಡಿಸಬೇಕು, ತಜ್ಞ ವಿಷ ಸೋಕದಂತೆ ಕವಚ ತೊಟ್ಟು ಕೂರಬೇಕು. ಕೊಕೇನ್ ಕಾಲದಲ್ಲಿ ಅಳೆದಿಟ್ಟ ಗಂಟೆಗಳು ಇಲ್ಲಿ ಸಾಲುವುದಿಲ್ಲ.

ಇದಾದ ಮೇಲೆ ಅದೇ ಅಂಕಿಗಳಿಂದ ಸಿಬ್ಬಂದಿ ಲೆಕ್ಕಕ್ಕೊಂದು ಗಣಕ ಸಾಧನವನ್ನೂ ಸಿದ್ಧಪಡಿಸಿದರು. ಪ್ರಯೋಗಾಲಯದ ಮುಖ್ಯಸ್ಥ ತನ್ನ ವ್ಯಾಪ್ತಿಯ ಕೆಲಸದ ಪ್ರಮಾಣ ತುಂಬಿದರೆ ತನ್ನಂಥ ಪ್ರಯೋಗಾಲಯಗಳಲ್ಲಿ ಆ ಕೆಲಸಕ್ಕೆ ಎಷ್ಟು ಜನರಿದ್ದಾರೆ ಎಂಬುದರ ಆಧಾರದ ಮೇಲೆ ವಿಭಾಗವಾರು ಸಂಖ್ಯೆ ಬರುತ್ತದೆ. ಅದನ್ನು ಹಿಡಿದು ಹಣಕಾಸಿನವರ ಮುಂದೆ ಹೋಗಬಹುದು. ಸಾಧನ ಹೇಳಿದ ಸಂಖ್ಯೆಗೂ ಮೇಜಿನ ಮುಂದೆ ಕೂತ ಮನುಷ್ಯನಿಗೂ ನಡುವೆ ತರಬೇತಿಯ ಕಾಲವಿದೆ. ಗುಂಡು, ಬಂದೂಕುಗಳನ್ನು ಹೋಲಿಸುವ ಪರೀಕ್ಷಕ ಸ್ವತಂತ್ರವಾಗಿ ಸಹಿ ಹಾಕಲು ಸುಮಾರು ಎರಡು ವರ್ಷ ಬೇಕು. ಆ ಎರಡು ವರ್ಷ ಅವನಿಗೆ ಕಲಿಸುವವನು ವಿಭಾಗದ ಅತ್ಯಂತ ಅನುಭವಿ, ಅಂದರೆ ಅತಿ ಹೆಚ್ಚು ಕೇಸು ಮುಗಿಸುತ್ತಿದ್ದವನು. ಹೀಗೆ ಹೊಸ ನೇಮಕ ನಡೆದ ವರ್ಷ ಪ್ರಯೋಗಾಲಯದ ಬಾಕಿ ಇಳಿಯುವ ಬದಲು ಏರುತ್ತದೆ, ಅನುದಾನ ಕೊಟ್ಟವರು ಮುಖ ಗಂಟಿಕ್ಕುತ್ತಾರೆ. ಒಂದೆರಡು ವರ್ಷಕ್ಕೆಂದು ಕೊಡುವ ಅನುದಾನದಿಂದ ಯಂತ್ರ ಕೊಳ್ಳುವುದು ಸುಲಭ, ಮನುಷ್ಯನನ್ನು ಬೆಳೆಸುವುದು ಕಷ್ಟ ಎಂದು ಪ್ರಯೋಗಾಲಯದವರು ಗೊಣಗುವುದು ಇದೇ ಕಾರಣಕ್ಕೆ.

ಭಾರತದಲ್ಲಿ ಈ ವೃತ್ತಿ ಲೊಕಾರ್‌ನ ಅಟ್ಟಕ್ಕಿಂತ ಹಳೆಯದು. ಮದರಾಸಿನಲ್ಲಿ 1849ರಲ್ಲೇ ಸರ್ಕಾರಿ ರಸಾಯನ ಪರೀಕ್ಷಕರ ಪ್ರಯೋಗಾಲಯ ಆರಂಭವಾಗಿತ್ತು, ನಂತರ ಕಲ್ಕತ್ತ, ಆಗ್ರಾ, ಬೊಂಬಾಯಿಗಳಲ್ಲಿ. ಸತ್ತವರ ಜಠರದಲ್ಲಿ ಪಾಷಾಣವಿದೆಯೇ, ದತ್ತೂರಿ ಬೀಜವಿದೆಯೇ ಎಂದು ನೋಡುವುದು ಅಲ್ಲಿನ ಮುಖ್ಯ ಕೆಲಸ. ಬೆರಳಚ್ಚಿಗೆ ಕಚೇರಿ ತೆರೆದದ್ದೂ ಇಲ್ಲಿಯೇ, 1897ರಲ್ಲಿ ಕಲ್ಕತ್ತದಲ್ಲಿ. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳು ರೂಪಿಸಿ, ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧವಾದ ವರ್ಗೀಕರಣ, ಹತ್ತು ಬೆರಳುಗಳ ವಿನ್ಯಾಸ ಹಿಡಿದು ಚೀಟಿಗಳನ್ನು 1,024 ಗುಂಪುಗಳಾಗಿ, ಅಂದರೆ ಅಡ್ಡ 32, ಉದ್ದ 32 ಗೂಡುಗಳಾಗಿ ಹಂಚುತ್ತಿತ್ತು. ಸಾವಿರಾರು ಚೀಟಿ ತಿರುವಿಹಾಕುವ ಬದಲು ಗುಮಾಸ್ತ ನೇರ ಒಂದು ಗೂಡಿಗೆ ಕೈಹಾಕುತ್ತಿದ್ದ. ಇದನ್ನು ವಿಜ್ಞಾನದ ಸಾಧನೆಯೆಂದು ಹೊಗಳುವವರು ಇದು ಸಿಬ್ಬಂದಿ ಉಳಿಸುವ ಉಪಾಯವೂ ಆಗಿತ್ತೆಂಬುದನ್ನು ಮರೆಯುತ್ತಾರೆ.

ಸ್ವಾತಂತ್ರ್ಯದ ನಂತರ 1950ರ ದಶಕದ ಆರಂಭದಲ್ಲಿ ಪಶ್ಚಿಮ ಬಂಗಾಳ ಮೊದಲ ರಾಜ್ಯ ಪ್ರಯೋಗಾಲಯ ತೆರೆಯಿತು, ಉಳಿದ ರಾಜ್ಯಗಳು ಹಿಂಬಾಲಿಸಿದವು. ಕರ್ನಾಟಕದ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಶಾಖೆಗಳು ಬಂದವು. ಒಂದು ತೀರ್ಪು ಕೆಲಸವನ್ನು ಹೇಗೆ ಹೆಚ್ಚಿಸುತ್ತದೆ ಎಂಬುದಕ್ಕೆ ಮ್ಯಾಸಚೂಸೆಟ್ಸ್‌ನ ಮೆಲೆಂಡೆಜ್-ಡಯಾಜ್ ಪ್ರಕರಣ ಉದಾಹರಣೆಯಾದರೆ, ಹೇಗೆ ಇಳಿಸುತ್ತದೆ ಎಂಬುದಕ್ಕೆ ಮಡಿವಾಳವೇ ಉದಾಹರಣೆ. ಮಂಪರು ಪರೀಕ್ಷೆಗೆ ಈ ಪ್ರಯೋಗಾಲಯ ದೇಶಕ್ಕೆಲ್ಲ ಹೆಸರಾಗಿತ್ತು, ಛಾಪಾ ಕಾಗದ ಹಗರಣದ ತೆಲಗಿಯಿಂದ ಹಿಡಿದು ಹಲವು ಆರೋಪಿಗಳ ಪರೀಕ್ಷೆ ಬೆಂಗಳೂರಿನಲ್ಲೇ ನಡೆದಿತ್ತು. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಕೂಡದು ಎಂದಿತು. ಅಂದಿನಿಂದ ಆ ವಿಭಾಗದ ಹಳೆಯ ಲೆಕ್ಕವೆಲ್ಲ ನಿರುಪಯುಕ್ತ.

ಇಲ್ಲಿನ ಮೂಲ ತೊಡಕು ಅಮೆರಿಕದ್ದಕ್ಕಿಂತ ಹಿಂದಿನ ಹಂತದ್ದು. ಅಲ್ಲಿ ಎಷ್ಟು ಹುದ್ದೆ ಬೇಕೆಂಬ ವಾದ ನಡೆದರೆ, ಇಲ್ಲಿ ಮಂಜೂರಾದ ಹುದ್ದೆಗೆ ಮನುಷ್ಯ ಸಿಗುವುದೇ ಪ್ರಶ್ನೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಪ್ರಾಜೆಕ್ಟ್ 39ಎ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 26 ಪ್ರಯೋಗಾಲಯಗಳ 3,211 ಮಂಜೂರಾದ ಹುದ್ದೆಗಳಲ್ಲಿ 1,294 ಖಾಲಿ ಇದ್ದವು, ಅಂದರೆ ನೂರಕ್ಕೆ ನಲವತ್ತು. ಮಂಜೂರಾದ ಸಂಖ್ಯೆಯಾದರೂ ಸರಿಯೇ ಎಂದರೆ, ಅದು ಹಳೆಯ ಕಾಲದ ಕೆಲಸಕ್ಕೆ ಹಾಕಿದ ಅಂದಾಜು. ಮೊಬೈಲು, ಕಂಪ್ಯೂಟರುಗಳು ಮುದ್ದೆಮಾಲಾಗಿ ಮೂಟೆಗಟ್ಟಲೆ ಬರುವುದಕ್ಕಿಂತ ಮುಂಚಿನದು. ನ್ಯಾಯಮೂರ್ತಿ ವಿ.ಎಸ್. ಮಳೀಮಠ ಅವರ ಸಮಿತಿ 2003ರಲ್ಲೇ ತನಿಖೆಗೆ ವಿಜ್ಞಾನದ ಬಲ ಹೆಚ್ಚಿಸಬೇಕೆಂದು ಬರೆದಿತ್ತು.

ಬೇಡಿಕೆ ಏಕಾಏಕಿ ಏರಿದ್ದು 2024ರ ಜುಲೈ 1ರಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಾದಾಗ. ಅದರ 176ನೇ ಕಲಮಿನ 3ನೇ ಉಪಕಲಮಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ನಡೆದಲ್ಲಿಗೆಲ್ಲ ವಿಧಿವಿಜ್ಞಾನ ತಜ್ಞ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು. ಅದಕ್ಕೆ ಹನ್ನೆರಡು ದಿನ ಮೊದಲು, ಜೂನ್ 19ರಂದು, ಕೇಂದ್ರ ಸಚಿವ ಸಂಪುಟ ಐದು ವರ್ಷಕ್ಕೆ 2,254.43 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ವಿಧಿವಿಜ್ಞಾನ ವಿಶ್ವವಿದ್ಯಾಲಯದ ಹೊಸ ಆವರಣಗಳು, ಹೊಸ ಕೇಂದ್ರ ಪ್ರಯೋಗಾಲಯಗಳು ಅದರಲ್ಲಿವೆ. ಕರ್ನಾಟಕ ಇದಕ್ಕೂ ಮೊದಲೇ ಅಪರಾಧ ಸ್ಥಳದ ಅಧಿಕಾರಿಗಳೆಂದು ಇನ್ನೂರಕ್ಕೂ ಹೆಚ್ಚು ಹುದ್ದೆಗಳನ್ನು ಸೃಷ್ಟಿಸಿತ್ತು. ಸ್ಥಳಕ್ಕೆ ಹೋಗುವ ಕೆಲಸದ ಅಳತೆ ಪ್ರಯೋಗಾಲಯದೊಳಗಿನ ಕೆಲಸದ ಅಳತೆಗಿಂತ ತೀರಾ ಬೇರೆ. ಅಲ್ಲಿ ಕಿಲೋಮೀಟರ್ ಎಣಿಸಬೇಕು, ರಾತ್ರಿ ಪಾಳಿ ಎಣಿಸಬೇಕು, ವಾಹನ, ಚಾಲಕ ಎಣಿಸಬೇಕು. ಒಬ್ಬನೇ ಅಧಿಕಾರಿಗೆ ಒಂದೇ ರಾತ್ರಿ ತಾಲ್ಲೂಕಿನ ಎರಡು ತುದಿಯಿಂದ ಕರೆ ಬಂದರೆ ಯಾವ ಸರಾಸರಿಯೂ ನೆರವಿಗೆ ಬರುವುದಿಲ್ಲ.

ಸಂಹಿತೆ ಬರೆದವರಿಗೂ ಇದರ ಅರಿವಿತ್ತು. ತಜ್ಞರ ಭೇಟಿ ಕಡ್ಡಾಯವಾಗುವ ದಿನವನ್ನು ಐದು ವರ್ಷದೊಳಗೆ ಆಯಾ ರಾಜ್ಯವೇ ಗೊತ್ತುಮಾಡಲಿ ಎಂದು ಬಿಟ್ಟಿದ್ದಾರೆ. ಸೌಲಭ್ಯ ಇಲ್ಲದ ರಾಜ್ಯ, ತನ್ನದು ಸಿದ್ಧವಾಗುವವರೆಗೆ ಬೇರೆ ರಾಜ್ಯದ ಸೌಲಭ್ಯ ಬಳಸಿಕೊಳ್ಳಬೇಕು ಎಂದೂ ಅದೇ ಕಲಮಿನಲ್ಲಿ ಸೇರಿಸಿದ್ದಾರೆ. ಆ ಬೇರೆ ರಾಜ್ಯದ ಪ್ರಯೋಗಾಲಯದ ದಾಸ್ತಾನು ಕೋಣೆಯಲ್ಲೂ ಅರಗಿನ ಮುದ್ರೆ ಒಡೆಯದ ಪೊಟ್ಟಣಗಳು ಸರದಿ ಕಾಯುತ್ತಿರುತ್ತವೆ.